ದೋಣಿಯಿಂದ ದೋಣಿಗೆ

"ಆ ಡಬ್ಬಿ ಮುಟ್ಬೇಡಿ!"

ನೆಲಿಡಾ ಕೂಗುವಷ್ಟರಲ್ಲಿ ಆ ಎತ್ತರದ ಮನುಷ್ಯ ದೋಣಿಯೊಳಗೆ ಹಾರಿ, ಬಿಳಿ ಡಬ್ಬಿಯ ತಂತಿಗೆ ಕೈ ಹಾಕಿಯಾಗಿತ್ತು.

"ನಾನು ಅಬ್ನೆರ್, ಈ ಊರಿನ ಡಾಕ್ಟ್ರು. ನನ್ನ ಆಸ್ಪತ್ರೆ ಮುಂದೆ ಏನು ಕಟ್ಬೇಕು ಅಂತ ನನ್ನನ್ನ ಕೇಳ್ಬೇಕು, ಮೇಡಂ! ಇಕಿಟೋಸ್‌ನಿಂದ ಬರ್ತೀರ, ಯಂತ್ರ ಕೂರಿಸ್ತೀರ, ಫೋಟೋ ತೆಗೆಸ್ಕೊಂಡು ಹೋಗ್ತೀರ. ಅದು ಕೆಟ್ಟು ಕೂತ್ರೆ ಯಾರೂ ಇಲ್ಲ!"

ಅವನ ಕಣ್ಣಲ್ಲಿ ಸಿಟ್ಟು ಉರಿಯುತ್ತಿತ್ತು. ಆದರೆ ಆ ಸಿಟ್ಟಿನ ಹಿಂದೆ ಎಷ್ಟು ದಣಿವು! ಅವಳಿಗೆ ಅದು ಹೇಗೋ ಕಂಡುಬಿಟ್ಟಿತು.

"ಹುಡುಗಿ ಪಾಪ ಬಿಸಿಲಲ್ಲಿ ಬಂದವ್ಳೆ, ಮೊದ್ಲು ಇಳಿಯೋಕ್ ಬಿಡಿ ಡಾಕ್ಟ್ರೇ," ಎಂದಳು ದೋಣಿಯ ಒಡತಿ, ಎಲ್ಲರೂ ಗೌರವದಿಂದ 'ದೊನ್ಯಾ' ಎನ್ನುವ ಹೆರ್ಮೆಲಿಂದಾ. "ಡಬ್ಬಿ ಕೂತಿರೋದು ನನ್ನ ದೋಣೀಲಿ. ನಿಮ್ಮ ತಲೆ ಮೇಲಲ್ಲ!"

ನೆಲಿಡಾ ನಗು ತಡೆದುಕೊಂಡಳು. ಅಬ್ನೆರ್ ತಂತಿ ಬಿಟ್ಟ.

ನಾಪೊ ನದಿಯ ಆ ಉಪನದಿಯ ದಂಡೆಯಲ್ಲಿ ಫೋನ್ ಹತ್ತುತ್ತಿರಲಿಲ್ಲ. ನೆಲಿಡಾ ಇಕಿಟೋಸ್ ನಗರದ ವಿಶ್ವವಿದ್ಯಾಲಯದ ಸಂಶೋಧಕಿ. ಅವಳ ಕೆಲಸ ಕೇಳಲು ಸುಲಭ, ಮಾಡಲು ಕಷ್ಟ. ಡಾಕ್ಟರ ಸಂದೇಶ ಆಸ್ಪತ್ರೆಯ ಡಬ್ಬಿಯಲ್ಲಿ ಕಾಯುತ್ತದೆ. ಯಾವುದಾದರೂ ದೋಣಿ ಹತ್ತಿರ ಬಂದರೆ ತಂತಿಯಿಲ್ಲದೆಯೇ ಅದರ ಡಬ್ಬಿಗೆ ದಾಟುತ್ತದೆ; ಆಗ ಡಬ್ಬಿಯ ಕೆಂಪು ದೀಪ ಹಸಿರಾಗುತ್ತದೆ. ದಾರಿಯಲ್ಲಿ ಎದುರಾದ ಇನ್ನೊಂದು ದೋಣಿಗೆ ಜಿಗಿಯುತ್ತದೆ. ಹೀಗೆ ದೋಣಿಯಿಂದ ದೋಣಿಗೆ ಹೋಗಿ, ಕೆಳಗಿನ ಪಟ್ಟಣದ ಫೋನ್ ಟವರ್ ಸಿಕ್ಕ ಕೂಡಲೇ ದೊಡ್ಡಾಸ್ಪತ್ರೆ ಸೇರುತ್ತದೆ.

ಡಬ್ಬಿಯ ಮೂಲಕ ಅಬ್ನೆರ್ ಕೇಳಿದ ಔಷಧ ಮೊದಲ ಸಲ ಬಂತು. ಅವನು ಎಲೆಯಲ್ಲಿ ಸುತ್ತಿ ಸುಟ್ಟ ಮೀನನ್ನು ಅವಳ ಮುಂದಿಟ್ಟ.

"ಇದೇನು, ಕ್ಷಮೆ ಕೇಳೋ ರೀತೀನಾ?" ಎಂದಳು.

"ಮೀನು ಇದು. ತಿನ್ನಿ, ತಣ್ಣಗಾಗತ್ತೆ."

ಅಂದಿನಿಂದ ಅವಳು ಬರುವ ದಿನ ಅವನು ದಂಡೆಗೆ ಬರತೊಡಗಿದ. ಅವಳೂ ಅಷ್ಟೇ... ದೋಣಿ ತಿರುವು ದಾಟುವ ಮುನ್ನವೇ ಕೂದಲು ಸರಿಮಾಡಿಕೊಳ್ಳುತ್ತಿದ್ದಳು.

ಆದರೆ ಒಂದು ಸಂಜೆ ಎಲ್ಲವೂ ತಲೆಕೆಳಗಾಯಿತು.

ಅವಳ ಪ್ರೊಫೆಸರ್ ಕೆಲಸ ನೋಡಲು ಬಂದಿದ್ದರು. ಅಬ್ನೆರ್ ಕಾಫಿ ಹಿಡಿದು ಮೆಟ್ಟಿಲು ಹತ್ತುವಾಗ ಅವಳ ದನಿ ಕೇಳಿಸಿತು. "ಎಷ್ಟು ತಡವಾದ್ರೂ ಪರವಾಗಿಲ್ಲ, ಸರ್..."

ಅವನು ಅಲ್ಲಿಂದಲೇ ವಾಪಸಾದ. ಇನ್ನೊಂದು ಗಳಿಗೆ ನಿಂತಿದ್ದರೆ!

ಮರುದಿನದಿಂದ ಮೀನೂ ಇಲ್ಲ, ಮಾತೂ ಇಲ್ಲ. 'ನಾನೇನು ತಪ್ಪು ಮಾಡ್ದೆ?' ನೆಲಿಡಾ ಒಳಗೊಳಗೇ ಬೆಂದಳು. ಕೇಳಲು ಸ್ವಾಭಿಮಾನ ಬಿಡಲಿಲ್ಲ.

ಬೇಸಿಗೆ ಬಂತು. ನದಿ ಬತ್ತಿ ಮರಳ ದಿಬ್ಬಗಳು ಮೇಲೆದ್ದವು. ದೊಡ್ಡ ದೋಣಿಗಳು ಆ ಕಡೆ ಬರುವುದನ್ನೇ ನಿಲ್ಲಿಸಿದವು; ಡಬ್ಬಿ ನೋಡಲು ಬಂದಿದ್ದ ನೆಲಿಡಾ ಊರಲ್ಲೇ ಉಳಿಯಬೇಕಾಯಿತು.

ಆ ದಿನಗಳಲ್ಲೇ ಊರಿನ ಶಾಲೆಯ ಟೀಚರ್ ರೊಸೌರಾಳಿಗೆ ಹೆರಿಗೆಯಾಯಿತು. ಮಗು ಅತ್ತಿತು. ತಾಯಿಯ ರಕ್ತ ಮಾತ್ರ ನಿಲ್ಲಲಿಲ್ಲ.

ನೆಲಿಡಾ ಆಸ್ಪತ್ರೆಯ ಬಾಗಿಲಿಗೆ ಓಡಿಬಂದಾಗ ಅಬ್ನೆರ್ ಎರಡೂ ಕೈಯಿಂದ ರೊಸೌರಾಳ ಹೊಟ್ಟೆ ಒತ್ತಿಹಿಡಿದಿದ್ದ. ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ನನ್ನ ಸಂದೇಶ ಹೋಯ್ತಾ?"

"ಇಲ್ಲ... ಒಂದು ದೋಣೀನೂ ಬಂದಿಲ್ಲ."

"ಇವಳಿಗೆ ರಕ್ತ ಬೇಕು! ದೋಣೀಲಿ ಹಾಕ್ಕೊಂಡು ಹೋದ್ರೆ ದಾರೀಲೇ ಪ್ರಾಣ ಹೋಗತ್ತೆ. ಎಷ್ಟು ತಡವಾದ್ರೂ ಪರವಾಗಿಲ್ಲ ಅಂದ್ರಲ್ಲ ಮೇಡಂ, ಬನ್ನಿ, ಇವಳಿಗೆ ಹೇಳಿ ಆ ಮಾತು!"

ನೆಲಿಡಾಳ ಮುಖ ಬಿಳಿಚಿಕೊಂಡಿತು. ಓಹ್... ಇದಕ್ಕೇನಾ ಇಷ್ಟು ದಿನದ ಮೌನ?

"ನನ್ನಮ್ಮ ಮೇಲಿನ ಹಳ್ಳೀಲಿ ಜ್ವರ ಬಂದು ತೀರ್ಕೊಂಡ್ಳು, ಡಾಕ್ಟ್ರೇ. ಮಣ್ಣು ಮಾಡಿದ್ಮೇಲೆ ನಮಗೆ ಸುದ್ದಿ ಬಂತು." ಅವಳು ಗೋಡೆಯತ್ತ ತಿರುಗಿದಳು. "ನಾನು ಆಟಕ್ಕೆ ಡಬ್ಬಿ ಕಟ್ತಿಲ್ಲ."

ಉತ್ತರಕ್ಕೆ ಕಾಯದೆ ಗೋಡೆಯ ಡಬ್ಬಿಯನ್ನು ಬ್ಯಾಟರಿ ಸಮೇತ ಕಿತ್ತು, ಎದೆಗವಚಿಕೊಂಡು ಓಡಿದಳು.

"ದೊನ್ಯಾ ಹೆರ್ಮೆಲಿಂದಾ! ಸಣ್ಣ ದೋಣಿ ತೆಗೀರಿ. ದೊಡ್ಡ ನದಿಗೆ!"

"ನೀರೇ ಇಲ್ವಲ್ಲೇ ಮಗಳೇ!"

"ಇಲ್ದಿರೋ ಕಡೆ ತಳ್ಳೋಣ!"

ತಳ್ಳಿದರು. ಮೋಟಾರು ಮರಳಲ್ಲಿ ಹೂತುಕೊಂಡಾಗಲೆಲ್ಲ ಇಬ್ಬರೂ ಕೆಸರಿಗಿಳಿದು ಹೆಗಲು ಕೊಟ್ಟರು. ಅಂಗೈ ಸುಲಿಯಿತು. ನೆಲಿಡಾಳಿಗೆ ಕಾಣುತ್ತಿದ್ದುದು ಒಂದೇ: ರೊಸೌರಾಳ ಬಿಳಿಚಿದ ತುಟಿ, ಅದರ ಮೇಲೆ ಬಾಗಿದ ಅಬ್ನೆರ್‌ನ ಮುಖ.

ಕೊನೆಗೂ ದೊಡ್ಡ ನದಿ ತೆರೆದುಕೊಂಡಿತು. ದೂರದಲ್ಲಿ ಆಚೆ ದಡಕ್ಕೆ ಒತ್ತಿಕೊಂಡು ಒಂದು ಪ್ರಯಾಣಿಕರ ಲಾಂಚು ಹೋಗುತ್ತಿತ್ತು. ಅದರಲ್ಲಿ ಅವಳದೇ ಡಬ್ಬಿ ಇತ್ತು!

ಮೋಟಾರು ಕೆಮ್ಮಿ ನಿಂತುಬಿಟ್ಟಿತು.

"ಅಯ್ಯೋ, ಈಗಲೇ ಕೈ ಕೊಡ್ಬೇಕಾ ಮುಂಡೇದು!" ಹೆರ್ಮೆಲಿಂದಾ ಹುಟ್ಟು ಹಿಡಿದಳು.

ನೆಲಿಡಾ ನೀರಿಗೆ ಧುಮುಕಿದಳು. ಮರಳ ಅಂಚಿನಲ್ಲಿ ಕತ್ತಿನವರೆಗೆ ನೀರಲ್ಲಿ ನಿಂತು, ಡಬ್ಬಿಯನ್ನು ತಲೆಯ ಮೇಲೆ ಎತ್ತಿಹಿಡಿದಳು. ದೀಪ ಕೆಂಪಗೇ ಇತ್ತು. ಲಾಂಚು ನಿಲ್ಲಲಿಲ್ಲ. ಯಾರೋ ಕೈಬೀಸಿದರು, ತಮಾಷೆ ಎಂದುಕೊಂಡು.

'ದಾಟು... ದಯವಿಟ್ಟು ದಾಟು...'

ಅವಳು ತುದಿಗಾಲಲ್ಲಿ ನಿಂತಳು. ಲಾಂಚು ತಿರುವಿನಲ್ಲಿ ಮರೆಯಾಗತೊಡಗಿತು.

ದೀಪ ಹಸಿರಾಯಿತು!

"ಹೋಯ್ತು! ದೊನ್ಯಾ, ಹೋಯ್ತು!" ಅವಳು ಅಳುತ್ತ ನಕ್ಕಳು.

ಆಮೇಲಿನ ಕಾಯುವಿಕೆ ತಳ್ಳಿದ್ದಕ್ಕಿಂತ ಕಷ್ಟವಾಗಿತ್ತು. ಲಾಂಚು ಪಟ್ಟಣ ಸೇರಿತೋ ಇಲ್ಲವೋ, ಯಾರಾದರೂ ಓದಿದರೋ ಇಲ್ಲವೋ. ಬಿಸಿಲು ಇಳಿಯುವ ಹೊತ್ತಿಗೆ ಕೆಳಗಿನಿಂದ ಗುಂಯ್‌ಗುಟ್ಟುವ ಸದ್ದು ಬಂತು. ಕಡಿಮೆ ನೀರಲ್ಲೂ ಹಾರಿಕೊಂಡು ಹೋಗುವ ಹಗುರ ಆಂಬುಲೆನ್ಸ್ ದೋಣಿ! ಒಳಗೆ ನರ್ಸು, ಮಡಿಲಲ್ಲಿ ರಕ್ತದ ಚೀಲಗಳಿದ್ದ ಪೆಟ್ಟಿಗೆ. ದಾರಿ ತೋರಿಸಲು ಇಬ್ಬರೂ ಹತ್ತಿಕೊಂಡರು.

ರಕ್ತ ಹನಿಹನಿಯಾಗಿ ಇಳಿದಂತೆ ರೊಸೌರಾಳ ತುಟಿಗೆ ಬಣ್ಣ ಮರಳಿತು. "ನನ್ನ ಮಗು ಎಲ್ಲಿ?" ಎಂದು ಕೇಳಿದಳು. ಅಬ್ನೆರ್ ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದ.

ನೆಲಿಡಾ ಅಲ್ಲೇ ಕೂತಿದ್ದಳು, ಮೈಯೆಲ್ಲ ಕೆಸರು.

"ಅವತ್ತು ಪೂರ್ತಿ ಕೇಳಿಸ್ಕೊಳ್ಳಲಿಲ್ಲ ನೀವು," ಎಂದಳು ಮೆಲ್ಲಗೆ. "ಹಳೇ ಸಂದೇಶಗಳನ್ನ ಅಳಿಸಿಬಿಡು, ಡಬ್ಬಿ ತುಂಬತ್ತೆ ಅಂದ್ರು ನಮ್ಮ ಪ್ರೊಫೆಸರ್. ಎಷ್ಟು ತಡವಾದ್ರೂ ಪರವಾಗಿಲ್ಲ, ಒಂದನ್ನೂ ಬಿಸಾಡಲ್ಲ ಅಂದೆ."

ಅವನು ಮುಖ ಮುಚ್ಚಿಕೊಂಡ. "ನಾನೆಂಥ ಮೂರ್ಖ... ಕೇಳ್ಬಹುದಿತ್ತು. ಕೇಳಿದ್ರೆ, ನೀವು ನನಗೆ ಯಾರು ಅಂತಲೂ ಹೇಳ್ಬೇಕಾಗ್ತಿತ್ತು. ಅದಕ್ಕೇ ಹೆದರಿದೆ."

"ಯಾರು?" ಅವಳ ಎದೆ ಹೊಡೆದುಕೊಳ್ಳುತ್ತಿತ್ತು.

"ಇವತ್ತು ನನ್ನ ಕೈ ರೊಸೌರಾಳ ಮೇಲಿತ್ತು, ನೆಲಿಡಾ. ಜೀವ ನದಿ ಮೇಲಿತ್ತು. ನೀನು ವಾಪಸ್ ಬರದೇ ಹೋಗಿದ್ರೆ ಅಂತ..." ಅವನು ಅವಳತ್ತ ತಿರುಗಿದ. "ನಿನ್ನ ಪ್ರೀತಿಸ್ತೀನಿ."

ಅವಳು ಅವನ ಸೋತ ಬೆರಳುಗಳನ್ನು ತನ್ನ ಸುಲಿದ ಅಂಗೈಯಲ್ಲಿ ಹಿಡಿದುಕೊಂಡಳು.

"ನಾನು ಇಕಿಟೋಸ್‌ಗೆ ಹೋಗ್ಲೇಬೇಕು, ಡಾಕ್ಟ್ರೇ. ಕೆಲಸ ಇದೆ."

"ಹೋಗು. ಆದ್ರೆ ಹಾಗೆ ಕರೀಬೇಡ."

"ಮತ್ತೆ ಹೇಗೆ ಕರೀಲಿ?"

"ಹೆಸರು ಹಿಡಿದು."

"ಅಬ್ನೆರ್..." ಎಂದಳು ಅವಳು, ಅವನ ಹೆಗಲಿಗೆ ಒರಗುತ್ತ. "ಮುಂದಿನ ತಿಂಗಳು ಬರ್ತೀನಿ. ನಿನ್ನ ನೋಡೋಕೆ. ಬರೀ ನಿನ್ನ ನೋಡೋಕೆ."