ಕಬ್ಬಿಣದ ಕುರ್ಚಿಗೆ ತುಪ್ಪ

ಬ್ರಶ್ ಎಳೆದಲ್ಲೆಲ್ಲ ಬಣ್ಣ ಹನಿಹನಿಯಾಗಿ ಜಾರುತ್ತಿತ್ತು. ಮುನೇಶ್ ಮತ್ತೊಂದು ಸಲ ಎಳೆದರು. ಊಹೂಂ, ಕುರ್ಚಿಗೆ ಬಣ್ಣ ಹಿಡಿಯಲೊಲ್ಲದು.

"ಇದೇನಪ್ಪ ಇಷ್ಟು ಜಿಡ್ಡು," ಎಂದು ಬೆರಳಲ್ಲಿ ಸವರಿ ಮೂಸಿದರು. "ತುಪ್ಪದ ವಾಸನೆ ಬರ್ತೈತೆ."

ಮಗಳು ಹರಿಣಿ ಎರಡೂ ಕೈಗಳನ್ನು ಲಂಗಕ್ಕೆ ಒರೆಸಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ.

ಕುರ್ಚಿಯ ಡಿಸೈನ್ ಅವಳದೇ. ಮರವಿಲ್ಲ, ಪ್ಲಾಸ್ಟಿಕ್ ಇಲ್ಲ, ಕಾಲಿನಿಂದ ಬೆನ್ನಿನವರೆಗೂ ಬರೀ ಕಬ್ಬಿಣ. ಪಕ್ಕದಲ್ಲಿ ಪುಸ್ತಕ ಇಡಲು ಒಂದು ಗೂಡು. ಅಪ್ಪ ತಮ್ಮ ವೆಲ್ಡಿಂಗ್ ಅಂಗಡಿಯಲ್ಲಿ ಅದನ್ನು ಮಾಡಿಕೊಟ್ಟಿದ್ದರು. ಸಂಜೆ ಸ್ಕೂಲಿನ ಟೆಂಪೋ ಬಂದು ಅದನ್ನು ಎಕ್ಸಿಬಿಷನ್‌ಗೆ ಒಯ್ಯಬೇಕಿತ್ತು. ಬಣ್ಣ ಒಣಗದಿದ್ದರೆ ಕುರ್ಚಿ ಹೋಗುವಂತಿಲ್ಲ.

"ಅಮ್ಮ, ದೋಸೆ ಹಂಚಿಗೆ ಸವರೋ ಹಾಗೆ ಇದಕ್ಕೂ ಸವರಿಬಿಟ್ಯಾ?" ಮುನೇಶ್ ಒಳಗೆ ನೋಡಿ ಕೇಳಿದರು.

ಅಜ್ಜಿ ಗಂಗುಲಮ್ಮ ಬಾಗಿಲಿಗೆ ಬಂದರು. "ನಾನ್ಯಾಕ್ ಸವರ್ಲಿ ನಾಯನಾ? ಏಮೋ, ಈಗೀಗ ಮರೆವು ಜಾಸ್ತಿಯಾಗೈತೆ." ಅಜ್ಜಿ ತಮ್ಮ ಅಂಗೈಯನ್ನೇ ಮೂಸಿ ನೋಡಿಕೊಂಡರು.

ಹರಿಣಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗೇಟಿನವರೆಗೆ ಹೋದಳು, ವಾಪಸ್ ಬಂದಳು.

"ಅಜ್ಜಿ ಅಲ್ಲಪ್ಪ, ನಾನು. ನಿನ್ನೆ ತುಪ್ಪ ತೆಗಿ ಅಂದ್ರು, ತೆಗೆದು ಹಚ್ಚಿದೆ."

"ನಾನೆಲ್ಲಿ ಅಂದೆ?" ಅಜ್ಜಿ ಕೇಳಿದರು.

"ಕುರ್ಚಿ ತೋರಿಸಿ, ತುಪ್ಪು ತೀಸೆಯ್ಯಿ ಅಂದ್ರಲ್ಲ."

ಮುನೇಶ್ ಬ್ರಶ್ ಕೆಳಗಿಟ್ಟು ನಗತೊಡಗಿದರು. "ತೆಲುಗಲ್ಲಿ ತುಪ್ಪು ಅಂದ್ರೆ ತುಕ್ಕು ಕಣಮ್ಮ. ಮೊನ್ನೆ ಮಳೇಲಿ ನೆನೆದಿತ್ತಲ್ಲ, ತುಕ್ಕು ಉಜ್ಜಿ ತೆಗಿ ಅಂದವ್ರೆ."

ಹರಿಣಿಗೆ ನಗು ಬರಲಿಲ್ಲ. ಮೈಸೂರಿನಿಂದ ಅವಳು ಅಪ್ಪನ ಜೊತೆ ಅಜ್ಜಿಯ ಊರು ಚಿಂತಾಮಣಿಗೆ ಬಂದು ವರ್ಷ ತುಂಬುತ್ತಿತ್ತು. ಇಲ್ಲಿ ಎಲ್ಲಿ ನೋಡಿದರೂ ತೆಲುಗು. ತೆಲುಗು ಬರಲ್ಲ ಅಂದರೆ ಕ್ಲಾಸಿನವರು ಆಡಿಕೊಳ್ಳುತ್ತಾರೆಂದು, ಯಾರು ಏನೇ ಹೇಳಿದರೂ "ಸರೆ" ಅನ್ನುವುದನ್ನು ಕಲಿತಿದ್ದಳು. ಮನೆಯಲ್ಲೂ ಅದೇ ಮಂತ್ರ. ಮೊಮ್ಮಗಳಿಗೆ ತೆಲುಗು ಬಂತೆಂದು ಅಜ್ಜಿ ಹಿಗ್ಗಿಹೋಗಿದ್ದರು.

"ನಂಗೆ ತೆಲುಗು ಬರಲ್ಲ ಅಜ್ಜಿ. ಸುಮ್ನೆ ತಲೆ ಆಡಿಸ್ತೀನಿ."

"ಮತ್ತೆ ದಿನಾ ಮಲಗೋವಾಗ ಹೇಳ್ತಿದ್ದ ಕತೆಗಳು?"

"ಒಂದೂ ಗೊತ್ತಾಗಿಲ್ಲ."

ಅಜ್ಜಿ ತಿರುಗಿ ಒಳಗೆ ಹೋದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಹರಿಣಿಗೆ.

ಅಪ್ಪ ಥಿನ್ನರ್ ಹಾಕಿ ಜಿಡ್ಡು ಒರೆಸಿಕೊಟ್ಟರು. ಹರಿಣಿ ಎಮರಿ ಪೇಪರ್ ಹಿಡಿದು ತುಕ್ಕು ಉಜ್ಜಲು ಕೂತಳು. ಪಟ್ಟಿ ಪಟ್ಟಿಯ ಸಂದಿಯಲ್ಲೂ ತುಕ್ಕು. ಸಂಜೆ ಟೆಂಪೋ ಬಂದಾಗ ಕುರ್ಚಿಗೆ ಬಣ್ಣಕ್ಕೂ ಮೊದಲು ಬಳಿಯುವ ರೆಡ್ ಆಕ್ಸೈಡೇ ಇನ್ನೂ ಹಸಿ. ಡ್ರೈವರ್ ಬಗ್ಗಿ ನೋಡಿ, ಕುರ್ಚಿ ಬಿಟ್ಟು ಹೊರಟುಹೋದ. ಟೆಂಪೋ ತಿರುವು ದಾಟುವವರೆಗೂ ಹರಿಣಿ ನೋಡಿದಳು. ಅಳು ಬಂತು, ಅತ್ತಳು.

ಆಮೇಲೆ ಅಜ್ಜಿಯ ಪಕ್ಕ ಹೋಗಿ ಕೂತಳು.

"ಅಜ್ಜಿ, ತುಕ್ಕಿಗೆ ತುಪ್ಪು ಅಂದ್ರೆ, ತುಪ್ಪಕ್ಕೆ ಏನಂತಾರೆ?"

"ನೆಯ್ಯಿ."

"ನೆಯ್ಯಿ," ಅಂದಳು ಹರಿಣಿ. "ಒಂದು ಕತೆ ಹೇಳಿ. ತೆಲುಗಲ್ಲೇ ಹೇಳಿ."

ಅಜ್ಜಿ ಅವಳ ಮುಖ ನೋಡಿದರು. ಆಮೇಲೆ ಮೆಲ್ಲಗೆ ಶುರುಮಾಡಿದರು. "ಅನಗನಗಾ ಒಕ ಊಳ್ಳೋ..."

"ಒಂದ್ನಿಮಿಷ ಅಜ್ಜಿ," ಹರಿಣಿ ಅವರ ಕೈ ಹಿಡಿದಳು. "ಅನಗನಗಾ ಅಂದ್ರೆ?"