ಮುಚ್ಚಿಹೋದ ಕಿಂಡಿ

ಕ್ಯಾರವಾನಿನ ಬಾಗಿಲು ತೆರೆದ ಗಂಡ ಅವಳನ್ನು ಕಂಡು ದಾರಿ ಬಿಡಲಿಲ್ಲ.

"ಬಟ್ಟೆ ತಗೊಂಡು ಹೋಗೋಕೆ ಬಂದೆ," ಎಂದಳು.

"ಒಳಗೆ ಬಂದ್ರೆ ಕೆಮ್ಮು ಬರಲ್ವಾ?"

ಆ ಮಾತು ನೆಟ್ಟಗೆ ಎದೆಗೇ ಚುಚ್ಚಿತು. ಅವನು ರಸ್ತೆ ಸರ್ವೇಯರ್. ಕೆಲಸ ಕರೆದ ಕಡೆಗೆಲ್ಲ ಈ ಗಾಲಿಯ ಮನೆಯಲ್ಲೇ ಇಬ್ಬರ ಸಂಸಾರ. ಅವಳ ಹೊಲಿಗೆ ಮೆಷಿನ್ನೂ ಇಲ್ಲೇ. ಚಳಿಗಾಲ ಶುರುವಾದ ಮೇಲೆ ಅವಳಿಗೆ ಕೆಮ್ಮು ಹತ್ತಿತು. ಅಕ್ಕನ ಮನೆಗೆ ಹೋದರೆ ಗುಣ, ವಾಪಸ್ ಬಂದರೆ ಮತ್ತೆ ಅದೇ. ಕೊನೆಗೊಂದು ದಿನ, "ನಿನಗೆ ಆಗದೇ ಇರೋದು ನಾನೇ," ಎಂದುಬಿಟ್ಟಿದ್ದ. ಅವಳೂ ಹಟ ಹಿಡಿದು ಅಕ್ಕನ ಮನೆಯಲ್ಲೇ ಉಳಿದಳು.

ಕರೆಯೋಕೆ ಒಂದು ಸಲವಾದರೂ ಬರಬಾರದಿತ್ತೇ... ಇವತ್ತು ಬಟ್ಟೆ ಕೊಂಡೊಯ್ದರೆ ಎಲ್ಲ ಮುಗಿದಂತೆ.

ಅವನನ್ನು ಸರಿಸಿ ಒಳಗೆ ಹೋದವಳು ನಿಂತುಬಿಟ್ಟಳು. ಹಾಸಿಗೆಯ ಪಕ್ಕದ ಹಲಗೆಗಳನ್ನೆಲ್ಲ ಕಿತ್ತಿದ್ದ. ಅವುಗಳ ಹಿಂಬದಿಯಲ್ಲಿ ಅಂಗೈ ಅಗಲದ ಕಪ್ಪು ಬೂಷ್ಟು. ಅದರ ಕಡೆಗೇ ಮುಖ ಮಾಡಿ ಅವಳು ಮಲಗುತ್ತಿದ್ದಳು.

"ಏನಿದು?"

ಅವನು ತಲೆ ತಗ್ಗಿಸಿ ಹೇಳಿದ. ತನಗೂ ತಲೆನೋವು ಶುರುವಾದಾಗ ಮೆಕ್ಯಾನಿಕ್ಕನನ್ನು ಕರೆಸಿದ್ದನಂತೆ. ಮೇಲೆ ಹತ್ತಿ ನೋಡಿದವನು, ಚಾವಣಿಯ ಗಾಳಿಕಿಂಡಿ ಮುಚ್ಚಿದ ಜಾಣ ಯಾರು ಎಂದು ಕೇಳಿದನಂತೆ. ಅಡುಗೆಯ ಹಬೆ, ಉಸಿರಿನ ತೇವ, ಯಾವುದಕ್ಕೂ ಹೊರಗೆ ಹೋಗಲು ದಾರಿಯಿರಲಿಲ್ಲ. ಆ ತೇವಕ್ಕೇ ಬೂಷ್ಟು ಹಿಡಿದಿತ್ತು, ಅವಳ ಕೆಮ್ಮಿಗೂ ಅದೇ ಕಾರಣ.

"ತಲೆಗೆ ಥಂಡಿ ಗಾಳಿ ಹೊಡೆಯುತ್ತೆ ಅಂತ ನೀನು ಅಂದಿದ್ದೆ. ಮಾರನೇ ದಿನವೇ ಹೊರಗಿನಿಂದ ಸ್ಪಂಜು ತುರುಕಿದ್ದೆ. ನಿನಗೆ ಬೆಚ್ಚಗಿರಲಿ ಅಂತ..."

ಅವಳ ಕಣ್ಣು ತುಂಬಿತು. ಮರುಕ್ಷಣವೇ ಒಂದು ಅನುಮಾನ ಎದ್ದಿತು.

"ಗೊತ್ತಾಗಿ ಎಷ್ಟು ದಿನ ಆಯ್ತು?"

"ತಿಂಗಳ ಮೇಲಾಯ್ತು."

"ನನ್ನ ಹತ್ರ ಹೇಳಲಿಲ್ಲ."

"ಯಾವ ಮುಖ ಇಟ್ಕೊಂಡು ಹೇಳಲಿ? ಅವಳೇ ಬಿಟ್ಟು ಹೋದಳು ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗಿದ್ದೆ. ನಿನಗೆ ಕಾಯಿಲೆ ತಂದಿದ್ದೇ ನಾನು."

ಆ ತಿಂಗಳೆಲ್ಲ ಅಕ್ಕನ ಅತ್ತೆಯ ಕೊಂಕು ಮಾತು ನುಂಗಿದ್ದು ಅವಳು. ಪ್ರೀತಿಯಿಂದ ಮಾಡಿದ ತಪ್ಪನ್ನು ಹೇಗೋ ಮರೆಯಬಹುದು. ಈ ಮೌನವನ್ನು ಹೇಗೆ ಮರೆಯಲಿ...

ಹೊಸ ಫ್ಯಾನ್ ಹಾಕಿಸುತ್ತೇನೆ, ಒಲೆ ಹಚ್ಚುವಾಗ ಕಿಟಕಿ ತೆಗೆದಿಡುತ್ತೇನೆ ಎಂದು ಅವನು ಒಂದೇ ಸಮನೆ ಹೇಳುತ್ತಿದ್ದ. ಅವಳು ಕೈ ಎತ್ತಿ ತಡೆದಳು.

"ಅದೆಲ್ಲ ಆಮೇಲೆ. ಈಗ ಬಂದು ಅಕ್ಕನ ಮನೆಯವರ ಮುಂದೆ ತಪ್ಪು ನಂದು ಅಂತ ನಿಮ್ಮ ಬಾಯಿಂದಲೇ ಹೇಳಿ."

ಅವನು ಚಪ್ಪಲಿ ಮೆಟ್ಟಿದ. ಮೆಟ್ಟಿಲ ಮೇಲೆ ಕಾಲು ತಡೆಯಿತು.

"ಬಯ್ತಾರೆ ಕಣೇ."

"ಬಯ್ಯಲಿ. ನಾನು ಪಕ್ಕದಲ್ಲೇ ಕೂತಿರ್ತೀನಿ."