ಸದ್ದು ಮಾಡದ ಮೋಡೆಮ್

"ಹೋತು! ಮತ್ತ ಕಡೀತು ನೋಡಕ್ಕಾ!"

ದಾನೇಶ್ವರಿ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ಕಂಪ್ಯೂಟರ್ ಪರದೆಯ ಮೇಲೆ ಅದೇ ಹಾಳು ಸಂದೇಶ — ಇಂಟರ್ನೆಟ್ ಸಂಪರ್ಕ ಕಡಿದಿದೆ.

ಸಂಜೆ ಐದರೊಳಗೆ ಫೈಲು ಕಂಪನಿಗೆ ತಲುಪದಿದ್ದರೆ ಅವಳ ಕೆಲಸ ಹೋಗುತ್ತಿತ್ತು. ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಮಾತಾಡಿ ಕಳಿಸಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿ, ಟೈಪು ಮಾಡಿ ವಾಪಸು ಕಳಿಸುವ ಕೆಲಸ. ಆ ವರ್ಷಗಳಲ್ಲಿ ಹೈದರಾಬಾದಿನ ಓಣಿಓಣಿಯಲ್ಲೂ ಅಂಥ ಕಂಪನಿಗಳು ಎದ್ದಿದ್ದವು. ದಾನೇಶ್ವರಿಗೆ ಅದು ಮೊದಲ ನೌಕರಿ.

ಅವಳ ಅಕ್ಕ ಉಮಾಶ್ರೀ ನನ್ನ ಹೆಂಡತಿ. ವಿಮಾ ಕಂಪನಿಯಲ್ಲಿ ಕ್ಲೇಮುಗಳ ತನಿಖೆ ಮಾಡುತ್ತಾಳೆ. ತಮ್ಮ ಅಂಗಡಿಗೆ ತಾವೇ ಬೆಂಕಿ ಹಚ್ಚಿಕೊಂಡ ಸೇಠರಿಗೆ ಮಾತಿನಲ್ಲೇ ಬೆವರಿಳಿಸುವವಳು. ಕುಷಾಯಿಗೂಡದಲ್ಲಿದ್ದ ಅವಳ ತಂಗಿಯ ಗಂಡನ ಈ ಮನೆಗೆ ನಾನು ರಿಪೇರಿಗೆಂದು ಸ್ಕ್ರೂಡ್ರೈವರ್ ಹಿಡಿದು ಬಂದಿದ್ದೆ. ಅದನ್ನು ನೋಡಿ ಅವಳು ನಕ್ಕ ರೀತಿ ನನಗೆ ಹಿಡಿಸಲಿಲ್ಲ.

ಗದ್ದಲ ಕೇಳಿ ದಾನೇಶ್ವರಿಯ ಮಾವ ಲಿಂಗಣ್ಣ ತನ್ನ ಕೋಣೆಯಿಂದ ಹೊರಗೆ ಬಂದ. ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಕ್ಕಿ ಬೇಳೆ ಅಳೆದು ನಿವೃತ್ತನಾದವನು. ಮಾತಿಗೆ ಕೂತರೆ ಮಾತ್ರ ದೇಶದ ಕಂಪ್ಯೂಟರುಗಳನ್ನೆಲ್ಲ ತಾನೇ ಜೋಡಿಸಿದ ಹಾಗೆ!

"ಯಂತ್ರ ಕೆಟ್ಟೈತ್ರಿ," ಎಂದ. "ಮೊದಲ ಸಿಳ್ಳು ಹೊಡಿತೈತಿ. ಆಮ್ಯಾಲ ಬಾಣಲ್ಯಾಗ ಮರಳು ಹುರಿದಂಗ ಕರಕರ. ಚೊಲೋ ಯಂತ್ರ ಹಂಗ ಒದರತೈತೇನು?"

ನಾನು ತಿಳಿದವನಂತೆ ತಲೆಯಾಡಿಸಿದೆ. ಆಗ ಇಂಟರ್ನೆಟ್ ಬರುತ್ತಿದ್ದುದು ಮೋಡೆಮ್ ಎಂಬ ಪೆಟ್ಟಿಗೆಯ ಮೂಲಕ, ಫೋನಿನ ಲೈನಿನಲ್ಲೇ. ಪಡಸಾಲೆಯಲ್ಲೊಂದು ಫೋನು, ಲಿಂಗಣ್ಣನ ಕೋಣೆಯಲ್ಲಿ ಅದೇ ಲೈನಿನ ಇನ್ನೊಂದು. ಎರಡರ ರಿಸೀವರೂ ಸರಿಯಾಗಿ ಕೂತಿರುವುದನ್ನು ನೋಡಿ ಬಂದೆ.

ಉಮಾಶ್ರೀ ತಂಗಿಯ ಪಕ್ಕ ಕುರ್ಚಿ ಎಳೆದುಕೊಂಡಳು.

"ಯಾವಾಗ ಕಡೀತೈತಿ?"

"ಬೆಳಿಗ್ಗೆ ಭಾಳ ಚೊಲೋ ನಡೀತೈತಿ. ಮಧ್ಯಾಹ್ನ ಕುಂತ್ನೆಂದ್ರ ಮುಗೀತು."

"ಎಕ್ಸ್‌ಚೇಂಜಿನ್ಯಾಗ ಗದ್ದಲ ಇರ್ತೈತಿ," ಎಂದೆ ನಾನು.

"ನೀವು ಸುಮ್ಮನಿರ್ರಿ. — ದಾನಿ, ಬೆಳಿಗ್ಗೆ ಮನ್ಯಾಗ ಯಾರಿರ್ತಾರ?"

"ಅತ್ತಿ ಒಬ್ಬರ."

ಅತ್ತೆ ಗದಿಗೆಮ್ಮ ಅಡುಗೆಮನೆಯಿಂದಲೇ ಕೂಗಿದಳು. "ನಾ ಫೋನ್ ಮುಟ್ಟಿಲ್ಲವ್ವ! ಮೆಹದಿಪಟ್ಟಣಂ ತಂಗೀಗೂ ಹೇಳೇನಿ, ಸಂಜಿತನಕಾ ಫೋನ್ ಹಚ್ಚಬ್ಯಾಡ ಅಂತ."

ಉಳಿದವನು ದಾನೇಶ್ವರಿಯ ಗಂಡ ಚನ್ನು. ರಜೆ ಹಾಕಿ ಮನೆಯಲ್ಲಿದ್ದ. ಹೆಂಡತಿ ಅಳುವ ಹಾಗಾಗಿದ್ದರೂ ಉಗುರು ಕತ್ತರಿಸುತ್ತ ಕೂತಿದ್ದ.

"ಬಿಡ್ರಿ ಅಕ್ಕಾರ," ಎಂದ. "ನೌಕರಿ ಹೋದ್ರ ಹೋಗ್ಲಿ. ಮನ್ಯಾಗ ಉಣ್ಣಾಕ ಏನ್ ಕಡಿಮಿ ಐತಿ?"

ಉಮಾಶ್ರೀ ಅವನ ಕಡೆ ತಿರುಗಲೂ ಇಲ್ಲ.

"ದಾನಿ, ಈ ಮೋಡೆಮ್ ಯಾವತ್ತರ ಸಿಳ್ಳು ಹೊಡದೈತೇನು?"

"ಇಲ್ಲಕ್ಕಾ. ಹಚ್ಚಿದ ದಿನಾನ ಸದ್ದು ಬಂದ್ ಮಾಡೇವಿ."

"ಮಾವಾರ, ನೀವು ನೆಟ್ ಸೆಂಟರಿಗೆ ಹೋಗ್ತೀರೇನು?"

"ಥೂ! ಪೋಲಿ ಹುಡುಗರು ಹೋಗೋ ಜಾಗ ಅದು."

"ಹಂಗಾರ ಸಿಳ್ಳು, ಕರಕರ — ಎಲ್ಲಿ ಕೇಳಿದ್ರಿ?"

ಲಿಂಗಣ್ಣ ತನ್ನ ಕೋಣೆಯ ಬಾಗಿಲ ಕಡೆ ನೋಡಿದ.

"ಅದು ಕೇಳಿಸೂದು ಲೈನಿನ್ಯಾಗ ಮಾತ್ರ," ಎಂದಳು ಉಮಾಶ್ರೀ. "ಇಲ್ಲಿ ಮೋಡೆಮ್ ನಂಬರ್ ಹಚ್ಚಿದ್ರ ನಿಮ್ಮ ಕೋಣ್ಯಾಗಿನ ಫೋನ್ ಟಿಂಗ್ ಅಂತೈತಿ. ನೀವು ರಿಸೀವರ್ ಎತ್ತಿ ಕಿವೀಗೆ ಹಿಡೀತೀರಿ. ಅಷ್ಟಕ್ಕ ಸಂಪರ್ಕ ಕಡೀತೈತಿ. ಬೆಳಿಗ್ಗೆ ನೀವು ವಾಕಿಂಗಿಗೆ ಹೋಗಿರ್ತೀರಿ, ಅದಕ್ಕ ಚೊಲೋ ನಡೀತೈತಿ. ಕದ್ದು ಕೇಳಾವರು ನೀವು!"

"ಮತ್ತೇನ್ ಮಾಡ್ಲಿ?" ಲಿಂಗಣ್ಣ ಗುಡುಗಿದ. "ದಿನಾ ಯಾವನೋ ಗಂಡಸು ಈಕಿ ಕಿವ್ಯಾಗ ಮಾತಾಡ್ತಾನ! ಮನಿ ಮರ್ಯಾದಿ—"

ದಾನೇಶ್ವರಿ ಹೆಡ್‌ಫೋನಿನ ವೈರು ಕಿತ್ತು, ಗುಂಡಿ ಒತ್ತಿದಳು. ಯಾರೋ ಅಮೆರಿಕದವನ ನಿದ್ದೆಗಣ್ಣಿನ ಇಂಗ್ಲಿಷು ಮನೆ ತುಂಬಿತು.

"ಏನಂತಾನವ?" ಲಿಂಗಣ್ಣನ ಕಿವಿ ನಿಮಿರಿತು.

"ಒಬ್ಬ ಮುದುಕಗ ವಾರದಿಂದ ಹೊಟ್ಟಿ ಕಟ್ಟೈತಂತ್ರಿ," ಎಂದಳು ಉಮಾಶ್ರೀ. "ಎನಿಮಾ ಕೊಡ್ರಿ ಅನ್ನಾಕತ್ತಾನ. ಇದ ನೋಡ್ರಿ ನಿಮ್ಮ ಸೊಸಿ ಸರಸ!"

ನನಗೆ ನಗು ತಡೆಯಲಾಗಲಿಲ್ಲ. ಲಿಂಗಣ್ಣನ ಮುಖ ಕಪ್ಪಿಟ್ಟಿತು. ಗಪ್ಪನೆ ಮಗನ ಮೇಲೆ ತಿರುಗಿದ.

"ನನಗ್ಯಾಕ ಮಂಗ್ಯಾ ಮಾಡ್ತೀರಿ? 'ನಾ ಡ್ಯೂಟಿಗೆ ಹೋದ ಮ್ಯಾಲ ಆಕಿ ಫೋನಿನ ಕಡೆ ಒಂದೀಟು ಕಿವಿ ಇಡಪ್ಪಾ' ಅಂದಾವ ಇಂವ! ಇವನ್ನ ಕೇಳ್ರಿ!"

ಚನ್ನು ಎದ್ದು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತ. ಮುದುಕನ ಮೇಲಿದ್ದ ನನ್ನ ಸಿಟ್ಟು ಅರ್ಧ ಇಳಿಯಿತು. ಈ ಹೇಡಿಯನ್ನು ಕಂಡು ಮಾತ್ರ ಹೇಸಿಗೆಯಾಯಿತು.

"ಖರೆ ಆರೋಪಿ ಇಂವ," ಎಂದಳು ಉಮಾಶ್ರೀ. "ಹೆಂಡ್ತೀನ ನೇರ ಕೇಳೂ ಧೈರ್ಯ ಇಲ್ಲದ್ದಕ್ಕ ಮುದುಕ ತಂದೀನ ಕಾವಲಿಗೆ ಕುಂದರ್ಸಿದಾವ."

"ಅದು ಹಂಗಲ್ಲ, ದಾನಿ..." ಚನ್ನು ತೊದಲಿದ.

ದಾನೇಶ್ವರಿ ಮತ್ತೆ ನಂಬರ್ ಹಚ್ಚಿದಳು. ಈ ಸಲ ಯಾರೂ ರಿಸೀವರ್ ಎತ್ತಲಿಲ್ಲ. ಐದಕ್ಕೆ ಮುಂಚೆಯೇ ಫೈಲು ಹೋಯಿತು. ನೌಕರಿ ಉಳಿಯಿತು.

ಆಮೇಲೆ ಅವಳು ಕಂಪ್ಯೂಟರ್ ಆರಿಸಿ ಮೋಡೆಮ್ಮಿನ ವೈರುಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.

"ಅಕ್ಕಾ, ನಿಮ್ಮ ಮನ್ಯಾಗ ಫೋನ್ ಬರೇ ಒಂದ ಐತಲ್ಲ?"

"ಒಂದ ಐತಿ. ನಡಿ."

ಅವಳು ಮೋಡೆಮ್ಮನ್ನು ಸೀರೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಮಾನಿಟರನ್ನು ನಾನು, ಸಿಪಿಯುವನ್ನು ಉಮಾಶ್ರೀ ಎತ್ತಿಕೊಂಡೆವು. ಚನ್ನು ಓಡಿ ಬಂದು ನಮಗೆ ಬಾಗಿಲು ತೆರೆದುಕೊಟ್ಟ. ಅವನ ಕೈಲಿ ಆದದ್ದು ಅಷ್ಟೇ.